ಟ್ರೆವೆನ್ ಅವರ ಕತ್ತಿಗೆ ಕುಂಕುಮ

ಅಕ್ಟೋಬರ್ 5, 1973, ಶುಕ್ರವಾರ. ಫೋರ್ಟ್ ಲೀ.

ಕೇಳದೆ ಕುಂಕುಮ ಹಚ್ಚಿದ್ದು ತಪ್ಪೇ. ಆದರೂ ನಗು ನಿಲ್ಲುತ್ತಿಲ್ಲ.

ಆರು ತಿಂಗಳಿಂದ ನಾನು ವ್ಯಾಯಾಮ ಮಾಡಿಸಿ ಸರಿಪಡಿಸಿದ ಮಂಡಿ ಟ್ರೆವೆನ್ ಅವರದು. ಇಂಗ್ಲೆಂಡಿನ ಮೂವತ್ತು ಕತ್ತಿವರಸೆ ಚಿತ್ರಗಳ ನಾಯಕ. ಮೈಸೂರಿನ ಟಾಕೀಸಿನಲ್ಲಿ ಅವರಿಗೆ ಶಿಳ್ಳೆ ಹೊಡೆದು ಅಮ್ಮನಿಂದ ಏಟು ತಿಂದವಳು ನಾನು. ಈಗ ಅವರಿಗೆ ಅರವತ್ತೆರಡು. ಮೆಟ್ಟಿಲ ಮೇಲಿನ ಕಾಳಗ ಇವತ್ತಿನ ಪ್ರದರ್ಶನದಲ್ಲಿ ಆಗದಿದ್ದರೆ ಪಾತ್ರ ಬೇರೆಯವರಿಗೆ ಎಂದಿದ್ದ ನಾಟಕದ ಮ್ಯಾನೇಜರ್.

ಬೆಳಿಗ್ಗೆ ಆಯುಧಪೂಜೆಗೆ ಕಾರಿಗೆ ಹಚ್ಚಿದ ಕುಂಕುಮ ಪರ್ಸಿನಲ್ಲೇ ಇತ್ತು. ಗ್ರೀನ್ ರೂಮಿನಲ್ಲಿ ಕತ್ತಿ ಕಂಡಿತು, ಕೈ ಸುಮ್ಮನಿರಲಿಲ್ಲ.

"ನಾಟಕದ ಕತ್ತಿಗೂ ಪೂಜೆನೇನೇ?" ಎಂದು ಜೊತೆಗೆ ಬಂದಿದ್ದ ನಮ್ಮ ಯಜಮಾನರು, ಇವರು, ಹಣೆ ಚಚ್ಚಿಕೊಂಡರು. ಮ್ಯಾನೇಜರ್ ಒರೆಸಲು ಬಟ್ಟೆ ತಂದ. ಅನ್ನ ಕೊಡುವ ಸಾಧನಕ್ಕೆ ಇವತ್ತು ನಾವು ಕೈಮುಗಿಯುತ್ತೇವೆ ಎಂದೆ.

"ನಲವತ್ತು ವರ್ಷ ಅನ್ನ ಹಾಕಿದೆ, ನಾನು ಒಂದು ಸಲವೂ ಕೈಮುಗಿದಿಲ್ಲ. ಇರಲಿ ಬಿಡಿ" ಎಂದು ಟ್ರೆವೆನ್ ಬಟ್ಟೆ ಕಸಿದುಕೊಂಡರು.

ಹನ್ನೆರಡು ಮೆಟ್ಟಿಲು. ಉಸಿರು ಬಿಗಿಹಿಡಿದು ಎಣಿಸಿದೆ. ಹಾರಲೇಬಾರದು ಎಂದು ಬರೆದುಕೊಟ್ಟಿದ್ದೆ. ಕೊನೆಯ ಮೂರನ್ನು ಹಾರಿಯೇಬಿಟ್ಟರು! ಇಡೀ ಥಿಯೇಟರ್ ಎದ್ದು ನಿಂತಿತು. ಅವರು ಕತ್ತಿ ಎತ್ತಿದರು, ತುದಿಯಲ್ಲಿ ಕುಂಕುಮ ಹಾಗೇ ಇತ್ತು. ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆದೆ. ಇವರು ಬೈಯುತ್ತಾರೆಂದು ತಿರುಗಿ ನೋಡಿದರೆ, ಇವರ ಬೆರಳೂ ಬಾಯಲ್ಲಿ.