ಹೆಬ್ಬೆಟ್ಟಿನ ಕರಿ

ಹೊಸಮನೆ, ಭದ್ರಾವತಿ
೧೪ ಆಗಸ್ಟ್ ೨೦೨೪

ಪ್ರೀತಿಯ ಮಗ ಮಧುವಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಆ ಗುಜರಾತಿನವರು ಸಾರಿಗೂ ಸಕ್ಕರೆ ಹಾಕುತ್ತಾರಂತೆ, ನಿನಗೆ ಹೇಗೆ ಸೇರುತ್ತದೋ. ಕೆಮ್ಮು ಇದೆಯಾ? ಇದೊಂದಕ್ಕೆ ಸುಳ್ಳು ಹೇಳಬೇಡ. ನಾನು ಗಟ್ಟಿಯಾಗಿದ್ದೇನೆ. ಬಾಯಿ ಇನ್ನೂ ಗಟ್ಟಿಯಾಗಿದೆ ಎಂದು ಪಕ್ಕದ ಮನೆಯ ಜಹಾನಾರಾ ಹೇಳುತ್ತಾಳೆ.

ನಿಮ್ಮ ಅಪ್ಪನನ್ನು ಹೋದ ವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಇಪ್ಪತ್ತೆಂಟು ವರ್ಷ ಕಲ್ಲಿದ್ದಲಿನ ಧೂಳು ಕುಡಿದ ಎದೆಯಮ್ಮ ಇದು, ಇನ್ನು ಸರಿಹೋಗುವುದಿಲ್ಲ ಎಂದರು. ಆ ಕಾಗದದ ಮಿಲ್ಲು ಮುಚ್ಚಿ ಒಂಬತ್ತು ವರ್ಷವಾಯಿತು, ಅದರ ಬಾಯ್ಲರಿನ ಧೂಳು ಮಾತ್ರ ಇವರನ್ನು ಬಿಟ್ಟಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾರೆ. ಆದರೂ ಜಂಭ ನೋಡು, ಫೋನ್ ಮುಟ್ಟುವುದಿಲ್ಲ. "ಕಾಗದ ಮಾಡಿ ಉಂಡ ಮನೆ ಇದು, ಪತ್ರಾನೇ ಬರೀಲಿ" ಎಂಬ ಅದೇ ಹಳೇ ಹಟ.

ನಿನ್ನ ಪತ್ರ ಬಂದರೆ ಅವರು ಮೊದಲು ಓದುವುದಿಲ್ಲ ಕಣೋ. ಮಿಲ್ಲಿನವರ ಚಾಳಿ: ಬೆಳಕಿಗೆ ಹಿಡಿಯುತ್ತಾರೆ, ಮೂಸುತ್ತಾರೆ, ಅಂಚನ್ನು ಬೆರಳಿಂದ ಸವರುತ್ತಾರೆ. ಈ ಸಲ ಮಡಿಕೆಯಲ್ಲಿ ನಿನ್ನ ಹೆಬ್ಬೆಟ್ಟಿನ ಕರಿ ಗುರುತಿತ್ತು. "ನೋಟ್‌ಬುಕ್ ಅಚ್ಚು ಹಾಕೋ ಕೆಲಸ ಅಲ್ವಾ, ಇಂಕ್ ಹತ್ತಿದೆ ಮಾರಾಯ್ರೇ" ಎಂದೆ. ಅವರು ಬೆರಳನ್ನು ನಾಲಿಗೆಗೆ ತಾಗಿಸಿ ಗುರುತಿನ ಮೇಲೆ ಉಜ್ಜಿದರು. "ಇಂಕ್ ಆಗಿದ್ರೆ ಹೋಗ್ತಿರಲಿಲ್ಲ ಕಣೇ, ಇದು ಬಂತು ನೋಡು ಬೆರಳಿಗೆ" ಎಂದರು. "ಬಾಯ್ಲರ್ ಹತ್ರ ಕಾಲಿಡಲ್ಲ ಅಂತ ನನ್ನ ತಲೆ ಮುಟ್ಟಿ ಹೋದ" ಎಂದವರು ಗೋಡೆ ಕಡೆ ತಿರುಗಿ ಮಲಗಿದರು. ಇವತ್ತಿಗೆ ನಾಲ್ಕು ದಿನ, ಸರಿಯಾಗಿ ಊಟ ಮಾಡಿಲ್ಲ.

ನೀನು ಬಾಯ್ಲರಿನ ಹತ್ತಿರವೇ ಇದ್ದೀಯೆಂದು ನನಗೆ ಮೊದಲೇ ಗೊತ್ತಿತ್ತು. ದೀಪಾವಳಿಗೆ ಬಂದಾಗ ನಿನ್ನ ಬನಿಯನ್ ಒಗೆದವಳು ನಾನಲ್ಲವೇ? ಮೂರು ನೀರಿಗೂ ಕರಿ ಬಿಡುತ್ತಲೇ ಇತ್ತು. ಅವತ್ತೇ ಕಿವಿ ಹಿಂಡಬೇಕಿತ್ತು. ಕೆಲಸವೊಂದು ಸಿಕ್ಕಿದೆಯಲ್ಲ ಎಂದು ಸುಮ್ಮನಾದೆ. ಗಂಡನ ಬಟ್ಟೆಯಲ್ಲಿ ಅದೇ ಕರಿಯನ್ನು ಇಪ್ಪತ್ತೆಂಟು ವರ್ಷ ಕಂಡವಳಿಗೆ ಬುದ್ಧಿ ಎಲ್ಲಿ ಹೋಗಿತ್ತೋ. ಬಹಳ ಸಂಕಟವಾಗುತ್ತಿದೆ ಮಗನೇ.

ಮನೆದೇವರು ನಿನ್ನ ಉಸಿರು ಕಾಯಲಿ. ಜಹಾನಾರಾ ನಿನ್ನನ್ನು ಕೇಳಿದಳು.

ನಿನ್ನ ಅಮ್ಮ
ಕರಿಯಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಎದ್ದು ಕೂತು ಈ ಹಾಳೆ ಕೇಳಿದರು. ಪೆನ್ನು ಹಿಡಿಯುವಷ್ಟರಲ್ಲಿ ಕೆಮ್ಮು ಬಂತು. ಟವೆಲಿಗೆ ಬಿದ್ದ ಕಫದಲ್ಲಿ ಹೆಬ್ಬೆಟ್ಟು ಅದ್ದಿ ಕೆಳಗೆ ಒತ್ತಿದ್ದಾರೆ. ಒಂಬತ್ತು ವರ್ಷವಾದರೂ ಎಷ್ಟು ಕರ್ರಗಿದೆ ನೋಡು. "ಅವನೂ ತನ್ನ ಹೆಬ್ಬೆಟ್ಟು ಇದರ ಪಕ್ಕ ಒತ್ತಿ ನೋಡ್ಲಿ" ಎನ್ನುತ್ತಿದ್ದಾರೆ. ಒತ್ತಬೇಡ ಮಗನೇ. ಇದು ಕೈಗೆ ಸಿಕ್ಕ ದಿನ ಪಾಳಿಗೆ ಹೋಗದೆ ಹೊರಟು ಬಾ.