ಗೋಡೆಯ ಈ ಕಡೆ

ಮನೆಯಿಂದ,
ಒಂಬತ್ತನೇ ತಾರೀಖು, ಭಾನುವಾರ

ಇವಳೇ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚು ಮಾಡಿಕೊಳ್ಳಬೇಡ. ಬಾಣಂತಿ, ಮಗು ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಕೋಳಿಗಳೂ ಇವೆ, ಸದ್ಯಕ್ಕೆ.

ನೀನು ಹೋದಾಗಿನಿಂದ ಪಕ್ಕದ ಮನೆ ದರ್ಜಿ ದಿನಾ ಗೋಡೆಯ ಮೇಲೆ ಕತ್ತು ಚಾಚಿ "ಅಕ್ಕ ಯಾವಾಗ ಬರ್ತಾರೆ?" ಅಂತ ಕೇಳುತ್ತಾನೆ. ನಾನು ಹೇಗಿದ್ದೇನೆ ಅಂತ ಕೇಳಲು ಮಾತ್ರ ಅವನಿಗೆ ಬಾಯಿ ಬರುವುದಿಲ್ಲ. ದಪ್ಪ ಮೊಟ್ಟೆ ಆರಿಸಿ ಅವನಿಗೆ, ಬಿರುಕು ಬಿಟ್ಟದ್ದು ನನಗೆ; ಇದೆಲ್ಲ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಅವನು ನಿನ್ನ ಸ್ವೆಟರಿಗೆ ಒಂದು ಗುಂಡಿ ಹಾಕಿಕೊಟ್ಟರೆ "ಎಂಥಾ ಕೈ ನೋಡಿ!" ಅಂತೀಯ. ನಿನ್ನ ಕೋಳಿಗೂಡು ಕಟ್ಟಿದ ಕೈ ಯಾರದು? ಆ ಕೋಳಿಗಳೂ ಅಷ್ಟೇ, ಕಾಳು ಹಾಕುವವನು ನಾನು, ಓಡುವುದು ಅವನ ದನಿ ಕೇಳಿದ ಕಡೆಗೆ.

ಮೊನ್ನೆ ತಡೆಯಲಾಗಲಿಲ್ಲ. ಅವನ ಬಾತುಕೋಳಿ ಗೂಡು ನಮ್ಮ ಮನೆಗೆ ತೀರಾ ಹತ್ತಿರ ಇದೆ, ತೆಗೆಸಿ ಅಂತ ಪುರಸಭೆಗೆ ದೂರು ಕೊಟ್ಟೆ. ಅವುಗಳ ಗಲಾಟೆ ನನ್ನ ತಲೆದಿಂಬಿಗೇ ಕೇಳುತ್ತದೆ, ಹತ್ತಿರ ಇರಲೇಬೇಕಲ್ಲ! ಇನ್‌ಸ್ಪೆಕ್ಟರಮ್ಮ ಟೇಪು ಹಿಡಿದು ಬಂದಳು. ಕೋಳಿಯಾಗಲಿ ಬಾತಾಗಲಿ, ಗೂಡು ಪಕ್ಕದ ಮನೆಯಿಂದ ಮೂವತ್ತು ಅಡಿ ದೂರ ಇರಬೇಕಂತೆ. ಅವನದು ಸರಿಯಾಗಿತ್ತು. ಸುಮ್ಮನೆ ಹೋಗುವುದು ಬಿಟ್ಟು ಆ ಯಮ್ಮ ನಮ್ಮ ಗೂಡಿನ ಕಡೆ ತಿರುಗಿದಳು. ಅದು ಅವನ ಹೊಲಿಗೆ ಕೋಣೆಗೆ ಅಂಟಿಕೊಂಡ ಹಾಗೇ ಇದೆ. ಬೇಡ ಬೇಡ ಅಂದರೂ ಅಲ್ಲೇ ಕಟ್ಟಿಸಿದವಳು ನೀನು. "ತಾತಾ, ಬೇರೆಯವರದ್ದು ಅಳೆಸೋ ಮುಂಚೆ ನಿಮ್ಮದು ನೋಡ್ಕೋಬಾರದಿತ್ತಾ?" ಅಂದಳು. ದರ್ಜಿ ಅಲ್ಲೇ ಇದ್ದ. ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಅವಳಿಗೆ ಕುಡಿಯಲು ನೀರು ತಂದ, ನನಗೂ ಒಂದು ಲೋಟ! ನಮ್ಮ ಹಿತ್ತಿಲೋ ಅಂಗೈಯಗಲ, ಗೂಡನ್ನು ಎಲ್ಲಿ ಸರಿಸಿದರೂ ಅಳತೆ ಸಾಲದು.

ಮಗಳಿಗೆ, ಅಳಿಯನಿಗೆ ಆಶೀರ್ವಾದ. ಮಗುವಿಗೆ ನನ್ನ ಪರವಾಗಿ ಒಂದು ಮುತ್ತು ನೀನೇ ಕೊಡು, ನನ್ನ ಮೀಸೆ ಚುಚ್ಚುತ್ತದೆ.

ನಿನ್ನ
ಇವರು

ಮರೆತೆ: ಪಕ್ಕದ ಮನೆಯವರು ಒಪ್ಪಿ ಸಹಿ ಹಾಕಿದರೆ ಗೂಡು ಇದ್ದಲ್ಲೇ ಇರಬಹುದಂತೆ. ಇಲ್ಲದಿದ್ದರೆ ಶನಿವಾರ ಪುರಸಭೆಯವರು ಬಂದು ನಿನ್ನ ಕೋಳಿಗಳನ್ನು ಹಿಡಿದುಕೊಂಡು ಹೋಗುತ್ತಾರೆ. ಅವನು ಹಾಕುತ್ತಾನೆ, ಗೊತ್ತು. "ಅಕ್ಕನಿಗೋಸ್ಕರ" ಅಂತ ಹೇಳಿಯೇ ಹಾಕುತ್ತಾನೆ, ಅದೇ ನನಗೆ ಉರಿ. ಶುಕ್ರವಾರದೊಳಗೆ ಬಂದುಬಿಡು. ನೀನು ಕೇಳಬೇಡ, ನಾನೇ ಕೇಳುತ್ತೇನೆ. ನೀನು ನನ್ನ ಪಕ್ಕದಲ್ಲಿ ನಿಂತಿರು. ಗೋಡೆಯ ಈ ಕಡೆ.