ಹನ್ನೊಂದನೇ ಕಂತಿನ ಮಜ್ಜಿಗೆ

ಸೀಗೆಕೊಪ್ಪ
ಫೆಬ್ರವರಿ ಮೂವತ್ತು, 2291

ಪತ್ತೇದಾರ ಸಾಂಬಯ್ಯನ ಹನ್ನೊಂದನೇ ಕಂತಿನ ಬಗ್ಗೆ ಹಟ ಹಿಡಿದು ಜಗಳವಾಡಿದ ಎಲ್ಲ ಹಿರಿಯರಿಗೂ ಹೊಲಿಗೆಮನೆಯ ನೀಲಾಂಬಿಕೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಒಟ್ಟಿಗೆ ಇಟ್ಟುಕೊಂಡಿದ್ದೇವೆ. ಆ ಐದು ದಿನ ಯಾರೂ ಕೆಲಸ ಮಾಡುವುದಿಲ್ಲ, ಯಾರೂ ಯಾರಿಗೂ ಬುದ್ಧಿ ಹೇಳುವುದಿಲ್ಲ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಜಗಳದಿಂದಲೇ. ನಡುವೆ ಎಲ್ಲಾದರೂ ನನ್ನ ದನಿ ಏರಿದರೆ ಅದು ನೀವೇ ಕಲಿಸಿದ್ದು, ಕ್ಷಮಿಸಿ.

ನನಗೆ ಎಪ್ಪತ್ತೊಂದು ವರ್ಷ. ಕೆಲಸ ಹೊಲಿಗೆ. ನಮ್ಮ ಊರು ಗುಡ್ಡದ ಬೆನ್ನ ಮೇಲಿದೆ. ಗುಡ್ಡದ ತುಂಬ ಗಾಳಿಯಂತ್ರಗಳು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೆರಳುಹೊತ್ತು. ಆಗ ಯಾರೂ ಬಿಸಿಲಿಗೆ ಬರುವಂತಿಲ್ಲ, ದಾರಿಯಲ್ಲಿ ಸಿಕ್ಕಿಕೊಂಡವರು ಯಾವ ಮನೆಯ ಜಗಲಿಯನ್ನಾದರೂ ಹತ್ತಿ ಕೂರಬಹುದು. ಕೂತವರಿಗೆ ಆ ಮನೆಯವರು ಮಜ್ಜಿಗೆ ಕೊಡಬೇಕು. ಇದು ನಮ್ಮಲ್ಲಿ ಮರ್ಯಾದೆಗಳಲ್ಲೆಲ್ಲ ದೊಡ್ಡ ಮರ್ಯಾದೆ. ಕೊಡುವವರಿಗಿಂತ ಕುಡಿಯುವವರೇ ದೊಡ್ಡವರು ಎನ್ನುತ್ತಾರೆ. ಎರಡು ಮನೆಗಳ ನಡುವೆ ಮದುವೆ ಕೂಡಿದರೂ ಇಷ್ಟೇ: ಈ ಮನೆಯ ಹಿರಿಯರು ಆ ಮನೆಯ ಲೋಟದಲ್ಲಿ, ಆ ಮನೆಯವರು ಈ ಮನೆಯ ಲೋಟದಲ್ಲಿ ಮಜ್ಜಿಗೆ ಕುಡಿಯುತ್ತಾರೆ. ಇದಕ್ಕೆ ಲೋಟ ಬದಲಿ ಎಂದು ಹೆಸರು. ಮಂತ್ರವಿಲ್ಲ, ಸಹಿಯಿಲ್ಲ.

ನಿಮ್ಮ ಕಾಲದ ಮೇಲೆ ನೂರು ವರ್ಷ ಕಳೆಯುವಷ್ಟರಲ್ಲಿ ಯಂತ್ರಗಳಲ್ಲಿ ಕೂಡಿಟ್ಟದ್ದೆಲ್ಲ ಒಂದೊಂದಾಗಿ ಬರಿದಾಯಿತು. ಅದನ್ನು ನಾವು ಮರೆವು ಎನ್ನುತ್ತೇವೆ. ಹೆದರಬೇಡಿ, ಪ್ರಳಯವೇನೂ ಆಗಲಿಲ್ಲ. ಜನ ಉಂಡರು, ಮಲಗಿದರು, ಮಕ್ಕಳನ್ನು ಹೆತ್ತರು. ಆದರೆ ಚಿತ್ರ, ಹಾಡು, ಸುದ್ದಿ ಯಾವುದೂ ಉಳಿಯದೆ ಕಾಗದದ ಮೇಲಿದ್ದದ್ದು ಮಾತ್ರ ಉಳಿಯಿತು. ಅದನ್ನು ಉಳಿಕೆ ಎಂದು ಕರೆದು ಕಣ್ಣಿಗೊತ್ತಿಕೊಂಡೆವು. ಅಂದಿನಿಂದ ನಮ್ಮಲ್ಲೊಂದು ಕಟ್ಟುಪಾಡಿದೆ. ಕಥೆಯನ್ನು ಬಾಯಲ್ಲಿ ಮಾತ್ರ ಹೇಳಬೇಕು. ಬರೆದರೆ ಅದು ಸಾಕ್ಷಿ. ಕಂಡದ್ದನ್ನು ಮಾತ್ರ ಬರೆಯಬೇಕು. ಒಳ್ಳೆಯ ಕಟ್ಟುಪಾಡೇ. ಆದರೆ ಅದೇ ನಮ್ಮ ಮನೆಯನ್ನು ಹಾಳು ಮಾಡಿತು.

ನಮ್ಮ ಪೂರ್ವಿಕರು ಈ ಗುಡ್ಡಕ್ಕೆ ಬಂದು ಪಾಯ ತೋಡುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ನಲವತ್ತು ಹಾಳೆ. ಮೊದಲ ಹಾಳೆಯ ನೆತ್ತಿಯಲ್ಲಿ ಹೀಗಿತ್ತು: ‘ಪತ್ತೇದಾರ ಸಾಂಬಯ್ಯ, ಹನ್ನೊಂದನೇ ಕಂತು, ಸೀಗೆಕೊಪ್ಪದ ಸಾವು. ನಿಮ್ಮ ಪ್ರಕಾರ ಕೊಂದವರು ಯಾರು?’ ಅದರ ಕೆಳಗೆ ನೀವು ಬರೆದ ಸಂದೇಶಗಳು, ಒಟ್ಟು ನಾನೂರ ಹನ್ನೆರಡು. ಯಾವ ಪುಣ್ಯಾತ್ಮರು ಅವನ್ನು ಕಾಗದಕ್ಕಿಳಿಸಿ ಪೆಟ್ಟಿಗೆಗೆ ಹಾಕಿದರೋ ಗೊತ್ತಿಲ್ಲ. ಬಂದವರಿಗೆ ಆ ನೆಲದ ಹೆಸರೇ ತಿಳಿದಿರಲಿಲ್ಲ. ಓಹೋ, ಇದು ಸೀಗೆಕೊಪ್ಪ ಎಂದುಕೊಂಡರು. ಕಂತು ಎಂದರೆ ವಿಚಾರಣೆಯ ಒಂದು ದಿನ ಎಂದು ಅರ್ಥ ಮಾಡಿಕೊಂಡರು. ‘ಟಿವಿ’ ಎಂಬುದು ಸಾಂಬಯ್ಯ ವಿಚಾರಣೆ ನಡೆಸುತ್ತಿದ್ದ ಕಟ್ಟಡವೆಂದು ನಮ್ಮ ಪಂಡಿತರು ತೀರ್ಮಾನಿಸಿದರು. ‘ಟಿವಿಯಲ್ಲಿ ನೋಡಿದೆ’ ಎಂದು ಹದಿನೇಳು ಜನ ಬರೆದಿದ್ದೀರಲ್ಲ, ಅಷ್ಟೊಂದು ಜನ ಕೂರಬೇಕಾದರೆ ಕಟ್ಟಡ ದೊಡ್ಡದೇ ಇರಬೇಕು ಎಂದು ಅದರ ನಕ್ಷೆಯನ್ನೂ ಬರೆದಿಟ್ಟರು.

ಮೊಕದ್ದಮೆ ನಿಮಗೆ ಗೊತ್ತಿರುವುದೇ, ಆದರೂ ನಾವು ತಿಳಿದುಕೊಂಡಂತೆ ಹೇಳುತ್ತೇನೆ. ರೈಸ್ ಮಿಲ್ಲಿನ ಗಿರಿಮಲ್ಲಪ್ಪ ಹೊಲಿಗೆ ಶಾಲೆಯನ್ನು ಕೆಡವಿ ಗೋದಾಮು ಕಟ್ಟಬೇಕೆಂದಿದ್ದ. ಕೋಟಿನ ಅಳತೆ ಕೊಡಲು ಅದೇ ಶಾಲೆಯ ವಿಮಲಾಕ್ಷಿ ಟೀಚರ ಮನೆಗೆ ಹೋದ. ಅಲ್ಲಿ ಮಜ್ಜಿಗೆ ಕುಡಿದ. ಮಿಲ್ಲಿನ ಬಾಗಿಲಲ್ಲಿ ಬಿದ್ದು ಸತ್ತ. ಮಜ್ಜಿಗೆಯಲ್ಲಿ ವಿಷವಿತ್ತೆಂಬ ಮಾತು ಎದ್ದಿತು. ಅದೇ ಪಾತ್ರೆಯ ಮಜ್ಜಿಗೆಯನ್ನು ಅವನ ಎದುರಿಗೇ ತಾನೂ ಕುಡಿದೆ ಎಂದು ಟೀಚರ್ ಹೇಳಿಕೆ ಕೊಟ್ಟರು. ಅವನ ತಮ್ಮನ ಮೇಲೂ ಗುಮಾನಿ ಇತ್ತು. ಉಳಿದ ಎಲ್ಲ ಕಂತುಗಳಲ್ಲೂ ಕೊನೆಗೆ ಹೆಸರು ಹೇಳುತ್ತಿದ್ದ ಸಾಂಬಯ್ಯ ಇದೊಂದರಲ್ಲಿ ಮಾತ್ರ ಯಾರ ಹೆಸರನ್ನೂ ಹೇಳದೆ ಬಸ್ಸು ಹತ್ತಿಬಿಟ್ಟ. ಅವನು ಹತ್ತಿದ, ನೀವು ಕಿತ್ತಾಡಿದಿರಿ.

ಚನ್ನಪಟ್ಟಣದ ವೆಂಕಟಗಿರಿಯಪ್ಪನವರೇ, ನಿಮ್ಮನ್ನು ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಶಪಿಸಿದ್ದೇವೆ. “ಅವ್ಳೇ ಕಣ್ರೀ. ಗೋಡೆ ಮ್ಯಾಲಿನ್ ಕ್ಯಾಲೆಂಡರ್ ನೋಡ್ಲಿಲ್ವಾ? ಅವತ್ತು ಏಕಾದಸಿ. ಉಪಾಸ ಇರೋಳು ಮಜ್ಜಿಗೆ ಎಂಗೆ ಕುಡಿದ್ಲು? ಸುಳ್ಳು ಅಂದ್ರೆ ಸುಳ್ಳು!” ಎಂದು ಬರೆದವರು ನೀವೇ ತಾನೇ? ಉಡುಪಿಯ ವಾದಿರಾಜ ಉಪಾಧ್ಯರೇ, ನಿಮ್ಮ ಹೆಸರಿನಲ್ಲಿ ನಮ್ಮ ಅಜ್ಜಿ ದೀಪ ಹಚ್ಚುತ್ತಿದ್ದಳು. “ಏಕಾದಶಿ ಅಂದ್ರೆ ಎಲ್ಲರೂ ನಿರ್ಜಲವೇ ಮಾಡ್ಬೇಕು ಅಂತ ಉಂಟಾ ಮಾರಾಯ್ರೆ? ನಮ್ಮ ದೊಡ್ಡಮ್ಮ ಮಜ್ಜಿಗೆ ಕುಡಿತಿದ್ರು. ಪಾಪದ ಟೀಚರಿಗೆ ಸುಮ್ಮನೆ ಯಾಕೆ ಬೈಯುದು?” ಈ ಮಾತನ್ನು ನಾನು ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿದ್ದೆ.

ಯಾಕೆಂದರೆ ಊರು ಕಟ್ಟಿದಾಗ ಹೊಲಿಗೆ ಕಸುಬಿನವರು ನಾವೊಂದೇ ಮನೆ. ಕಾಗದದಲ್ಲಿ ಹೊಲಿಗೆ ಟೀಚರ್, ಊರಲ್ಲಿ ಹೊಲಿಗೆಮನೆ. ಗಂಟು ಹಾಕಲು ಇನ್ನೇನು ಬೇಕು? ನಿಮ್ಮಲ್ಲಿ ಮುನ್ನೂರು ಚಿಲ್ಲರೆ ಜನ ಟೀಚರ್ರೇ ಕೊಂದದ್ದೆಂದು ಬರೆದಿದ್ದಿರಿ. ಸಾಕ್ಷಿ ಎಂದ ಮೇಲೆ ಸಾಕ್ಷಿ. ನಮ್ಮನ್ನು ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ, ಊರಿಂದ ಓಡಿಸಲಿಲ್ಲ. ನಾವು ಹೊಲಿದ ಬಟ್ಟೆ ಆಗುತ್ತಿತ್ತು, ನಾವು ಕೊಟ್ಟ ಮಜ್ಜಿಗೆ ಆಗುತ್ತಿರಲಿಲ್ಲ. ನೂರ ಹತ್ತು ವರ್ಷ ನಮ್ಮ ಜಗಲಿಯ ಮೇಲೆ ನೆರಳುಹೊತ್ತಿನಲ್ಲಿ ಯಾರೂ ಕೂರಲಿಲ್ಲ. ನಮ್ಮಮ್ಮ ದಿನವೂ ಕಡೆದು, ಕೊತ್ತಂಬರಿ ಹಾಕಿ, ಗಡಿಗೆ ತುಂಬಿಸಿ ಇಡುತ್ತಿದ್ದಳು. ಸಂಜೆ ಗಿಡದ ಬುಡಕ್ಕೆ ಸುರಿಯುತ್ತಿದ್ದಳು. ಒಂದು ದಿನವೂ ಅಳಲಿಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಪ್ರತಿ ವರ್ಷ ಉಳಿಕೆಯನ್ನು ಓದುವ ಸಭೆಯಲ್ಲಿ ನಮ್ಮ ಮನೆಯ ಹಿರಿಯಳು ಎದ್ದು ನಿಂತು ಉಪಾಧ್ಯರ ಮಾತನ್ನು ಹೇಳಬೇಕು, ಎಲ್ಲರೂ ಕೇಳಿ ತಲೆಯಾಡಿಸಬೇಕು, ಮನೆಗೆ ಹೋಗಬೇಕು. ಟೀಚರ್ ನಿರಪರಾಧಿ ಎಂಬುದನ್ನು ನಮ್ಮ ಮನೆಯಲ್ಲಿ ಪಿಸುಮಾತಿನಲ್ಲೂ ಪ್ರಶ್ನಿಸುವಂತಿರಲಿಲ್ಲ.

ನಾನು ಇದಕ್ಕೆಲ್ಲ ಒಗ್ಗಿಕೊಂಡಿದ್ದೆ. ನನ್ನ ಮೊಮ್ಮಗಳು ಕೇದಗೆ ಒಗ್ಗಲಿಲ್ಲ. ಹೋದ ವರ್ಷ ಅವಳೂ ಗಾಳಿಮನೆಯ ತಿಪ್ಪೇಶನೂ ಮದುವೆಯಾಗುತ್ತೇವೆಂದರು. ಗಾಳಿಮನೆಯವರು ಯಂತ್ರ ನೋಡಿಕೊಳ್ಳುವವರು, ಒಳ್ಳೆಯ ಜನ. ಅವನ ಅಜ್ಜಿ ಸಣ್ಣೀರಮ್ಮ ನಮ್ಮ ಮನೆಗೆ ಬಂದಳು, ಜಗಲಿಯ ಕೆಳಗೇ ನಿಂತಳು. “ನೋಡೇ ನೀಲಾಂಬಿಕೆ, ಹುಡ್ಗಿ ಬಂಗಾರ. ನಂಗೇನ್ ಬ್ಯಾಡ ಅಂತಿಲ್ಲ. ಆದ್ರೆ ನಿಮ್ಮನೆ ಲೋಟ ಮಾತ್ರ ನನ್ ಕೈಲಿ ಆಗಲ್ಲ ಕಣೇ. ಲೋಟ ಬದ್ಲಿ ಬಿಟ್ಟು ಮಿಕ್ಕಿದ್ದೆಲ್ಲ ಮಾಡಾನ,” ಎಂದಳು. ಲೋಟ ಬದಲಿಯಿಲ್ಲದ ಮದುವೆ ನಮ್ಮಲ್ಲಿ ಮದುವೆಯೇ ಅಲ್ಲ. ಕೇದಗೆ ಒಳಗಿನಿಂದಲೇ ಕೇಳಿಸಿಕೊಂಡು, ಹಾಗಾದರೆ ಬೇಡ ಎಂದುಬಿಟ್ಟಳು. ಮೂರು ತಿಂಗಳು ಅವಳು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ತಿಪ್ಪೇಶ ದಿನವೂ ನಮ್ಮ ಬೀದಿಯಲ್ಲಿ ಬೇಕೆಂದೇ ಸುತ್ತು ಹಾಕಿಕೊಂಡು ಹೋಗುತ್ತಿದ್ದ.

ಅದೇ ದಿನಗಳಲ್ಲಿ ಉಳಿಕೆಗೆ ಹೊಸ ಬಟ್ಟೆಯ ಹೊದಿಕೆ ಹೊಲಿಯಲು ನನ್ನನ್ನು ಕರೆದರು. ಹಾಳೆಗಳನ್ನು ಒಂದೊಂದಾಗಿ ಎತ್ತಿ ಅಳತೆ ನೋಡುತ್ತಿದ್ದೆ. ಮೂವತ್ತೆಂಟನೆಯದು ಬೆರಳಿಗೆ ದಪ್ಪ ಅನ್ನಿಸಿತು. ಐವತ್ತೈದು ವರ್ಷ ಬಟ್ಟೆ ಹಿಡಿದ ಕೈ ಇದು, ಒಂಟಿ ಪದರವೋ ಜೋಡಿ ಪದರವೋ ಕತ್ತಲಲ್ಲೂ ಹೇಳುತ್ತದೆ. ಕ್ರಮಸಂಖ್ಯೆ ನೋಡಿದರೆ ಸಂದೇಶಗಳಲ್ಲಿ ಹನ್ನೆರಡು ಸಿಕ್ಕಿರಲೇ ಇಲ್ಲ, ಕಳೆದುಹೋಗಿವೆ ಎಂದೇ ಎಲ್ಲರೂ ನಂಬಿದ್ದೆವು. ಅವೆಲ್ಲ ಇಲ್ಲೇ ಇದ್ದವು. ಎರಡು ಹಾಳೆಗಳು ಎಣ್ಣೆಗೋ ಏನಕ್ಕೋ ಒಂದಕ್ಕೊಂದು ಅಂಟಿಕೊಂಡಿದ್ದವು. ಗಂಜಿ ಹಾಕಿ ಅಂಟಿಸಿದ ಕಾಲರು ಬಿಡಿಸುವ ಹಾಗೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಹಬೆ ತೋರಿಸಿ, ಒಂದು ಇಡೀ ನೆರಳುಹೊತ್ತು ಕೂತು ಬಿಡಿಸಿದೆ.

ಒಳಗೆ ಹುಬ್ಬಳ್ಳಿಯ ಶಶಿಕಲಾ ಹಂಚಿನಮನಿಯವರ ಸಂದೇಶವಿತ್ತು. ಅಮ್ಮಾ ಶಶಿಕಲಾ, ಈ ಕಾಗದ ಎಲ್ಲರಿಗಿಂತ ಹೆಚ್ಚಾಗಿ ನಿಮಗೆ. “ನಮ್ಮ ಸಾಲಿ ಗ್ಯಾದರಿಂಗಿಗೆ ವಿಮಲಾಕ್ಷಿ ಟೀಚರ್ ಪಾರ್ಟ್ ಮಾಡಿದಾಕಿ ಬಂದಿದ್ಲರೀ. ಬಾಜೂಕ ಗಿರಿಮಲ್ಲಪ್ಪನ ಪಾರ್ಟ್ ಮಾಡಿದಾಂವ ಕುಂತಿದ್ದ, ಸತ್ತಾಂವ! ನಾಕ್ ಮಿರ್ಚಿ ತಿಂದು ಇನ್ನೊಂದ್ ಪ್ಲೇಟ್ ತರಿಸಿದ. ನಾ ಆಕೀನ್ನ ಕೇಳೇಬಿಟ್ಟೆ, ಖರೇ ಹೇಳ್ರೀ, ನೀವ ಕೊಂದೀರೇನು ಅಂತ. ನಂಗೂ ಹೇಳಿಲ್ಲವಾ ಡೈರೆಕ್ಟರ್ರು, ಟಿವಿಯೊಳಗ ನೋಡಿ ನೀನ ಹೇಳು ಅಂತ ನಕ್ಲು.”

ನಾನು ಅದನ್ನು ಮೂರು ಸಲ ಓದಿದೆ. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಒಂದು ಒಳ್ಳೆಯ ರವಿಕೆ ಸುಟ್ಟುಹೋಯಿತು.

ಸಭೆ ಕೂಡಿಸಿ ಎಂದೆ. ಕೂಡಿತು. ಈ ಸಲ ಉಪಾಧ್ಯರನ್ನು ಬಿಟ್ಟು ಶಶಿಕಲಾ ಅವರನ್ನು ಓದಿದೆ. ಪಂಡಿತರು ಹಾಳೆಯನ್ನು ಮೂಸಿ ನೋಡಿದರು, ಬೆಳಕಿಗೆ ಹಿಡಿದರು, ಅಕ್ಷರ ಅದೇ, ಶಾಯಿ ಅದೇ ಎಂದು ಒಪ್ಪಿದರು. ಬರೆದದ್ದೂ ಕಥೆಯಾಗಿರಬಹುದು ಎಂಬ ಮಾತು ಅವರ ಗಂಟಲಲ್ಲಿ ಇಳಿಯಲೇ ಇಲ್ಲ. ಕೊನೆಗೆ ಎದ್ದವಳು ಸಣ್ಣೀರಮ್ಮ. “ಸತ್ತೋನು ಎಷ್ಟು ಮಿರ್ಚಿ ತಿಂದ ಅಂದೆ?” ಎಂದು ಕೇಳಿದಳು. ನಾಲ್ಕು, ಮೇಲೊಂದು ಪ್ಲೇಟು ಎಂದೆ. ಅವಳು ಕೂತುಬಿಟ್ಟಳು. ಮೊದಲು ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು, ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ನಗಲಿಲ್ಲ. ನನಗೆ ನಮ್ಮಮ್ಮ ಸುರಿಯುತ್ತಿದ್ದ ಮಜ್ಜಿಗೆ ಕಣ್ಣ ಮುಂದೆ ಬರುತ್ತಿತ್ತು, ಸಿಟ್ಟು ಬಂತು, ಅತ್ತುಬಿಟ್ಟೆ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅದೂ ಆಗಬೇಕಿತ್ತು.

ಮರುದಿನ ನೆರಳುಹೊತ್ತಿಗೆ ಸಣ್ಣೀರಮ್ಮ ನಮ್ಮ ಜಗಲಿ ಹತ್ತಿ ಕೂತಳು. ಮಜ್ಜಿಗೆ ಕೊಡು ಎಂದಳು. ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, ಉಪ್ಪು ಸ್ವಲ್ಪ ಕಡಿಮೆ ಎಂದು ಮುಖ ಸೊಟ್ಟಗೆ ಮಾಡಿದಳು. ನೂರ ಹತ್ತು ವರ್ಷ ಕಾದು ಕೇಳಿದ ಮೊದಲ ಮಾತು ಅದು. ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡಳು. ಹೋದ ತಿಂಗಳು ಕೇದಗೆಗೂ ತಿಪ್ಪೇಶನಿಗೂ ಲೋಟ ಬದಲಿಯಾಯಿತು. ಊರಿನ ಎರಡು ಮನೆಯವರು ಈಗಲೂ ನಮ್ಮಲ್ಲಿ ಕುಡಿಯುವುದಿಲ್ಲ. ಅಭ್ಯಾಸ ಅನ್ನುತ್ತಾರೆ. ಇರಲಿ, ಬಿಸಿಲು ಹೆಚ್ಚಾದರೆ ಬರುತ್ತಾರೆ. ಊರಿನ ಹೆಸರೂ ಕಟ್ಟುಕಥೆಯೇ ಎಂದಾಯಿತಲ್ಲ, ಬದಲಿಸೋಣವೇ ಎಂದು ಚರ್ಚೆ ನಡೆಯಿತು. ಬೇಡವೆಂದು ಎಲ್ಲರೂ ಕೂಡಿ ತೀರ್ಮಾನಿಸಿದೆವು. ಸೀಗೆಕೊಪ್ಪ ಕಿವಿಗೆ ಚೆನ್ನಾಗಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆಯೇ? ಇತ್ತು. ಈಗ ಹಾಳೆಗಳನ್ನು ಮತ್ತೆ ಮತ್ತೆ ಓದುತ್ತೇನೆ. ಯಾರೋ ಬರೆದ, ಯಾರೋ ವೇಷ ಹಾಕಿದ ಒಬ್ಬ ಹೆಂಗಸಿಗಾಗಿ ನಾನೂರು ಸಲ ಬಡಿದಾಡಿದ್ದೀರಿ, ಅದೂ ಆಣೆ ಪ್ರಮಾಣ ಮಾಡಿಕೊಂಡು. ಅವಳು ನಿಮಗೆ ಪಕ್ಕದ ಮನೆಯವಳಾಗಿದ್ದಳು. ಹಾಗೆ ನಂಬುವವರ ಮೇಲೆ ಎಷ್ಟು ದಿನ ಸಿಟ್ಟು ಮಾಡಿಕೊಂಡಿರಲಿ? ಜಗಳವಾಡಿ, ಬಿಡಬೇಡಿ. ಒಂದೇ ಒಂದು ಬೇಡಿಕೆ: ನಡುವೆ ಎಲ್ಲಾದರೂ ಒಂದು ಸಾಲು, ಪಾರ್ಟ್ ಮಾಡಿದವರು ಇಂಥವರು, ಆಮೇಲೆ ಎಲ್ಲರೂ ತಿಂಡಿ ತಿಂದರು ಎಂದು ಬರೆದಿಡಿ. ನಿಮ್ಮ ಮುಂದಿನವರು ನಿಮ್ಮ ಯಾವ ಕಾಗದವನ್ನು ಹಿಡಿದುಕೊಂಡು ಊರು ಕಟ್ಟುತ್ತಾರೋ ನಿಮಗೆ ಗೊತ್ತಾಗುವುದಿಲ್ಲ.

ಕೊನೆಯ ಹಾಳೆಯ ತಳದಲ್ಲಿ ಒಂದು ಖಾಲಿ ಚೌಕವಿದೆ. ಅದರ ಮೇಲೆ ‘ನಿಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯಿರಿ’ ಎಂದಿದೆ. ಇಷ್ಟು ವರ್ಷ ಅದು ನಮಗೆ ಹೇಳಿದ್ದಲ್ಲ ಎಂದು ದೂರವಿದ್ದೆವು. ಇವತ್ತು ಬೆಳಗ್ಗೆ ಸಭೆಯವರನ್ನು ಕೇಳಿ, ಲೇಖನಿ ತೆಗೆದುಕೊಂಡು ಅದರಲ್ಲಿ ಬರೆದಿದ್ದೇನೆ. ಬರೆದದ್ದನ್ನು ನಿಮಗೂ ತಿಳಿಸಿ ಮುಗಿಸುತ್ತೇನೆ.

ಸಂದೇಶ ನಾನೂರ ಹದಿಮೂರು. ನೀಲಾಂಬಿಕೆ, ಸೀಗೆಕೊಪ್ಪ. ಏಕಾದಶಿಯ ವಿಚಾರ ಬಿಡಿ, ಅದರಿಂದ ಏನೂ ಸಾಬೀತಾಗುವುದಿಲ್ಲ. ತಿಪಟೂರಿನ ಕೋಕಿಲಾ ಅವರು ಬರೆದದ್ದನ್ನು ನೀವ್ಯಾರೂ ಸರಿಯಾಗಿ ನೋಡಲಿಲ್ಲ: “ಯಾರು ಏನಾದ್ರೂ ಅನ್ನಿ, ಟೀಚರ್ ಗತ್ತೇ ಗತ್ತು. ಅವ್ನು ಒಳಗ್ ಬಂದಾಗ್ನಿಂದ ಆಚೆ ಹೋಗೋವರ್ಗೂ ಗುಂಡುಪಿನ್ ತುಟೀಲಿ ಕಚ್ಕೊಂಡೇ ಮಾತಾಡ್ತಾಳೆ!” ನಾನು ಹದಿನಾರನೇ ವಯಸ್ಸಿನಲ್ಲಿ ಮೊದಲ ಸಲ ಬಾಯಿಗೆ ಪಿನ್ನು ಇಟ್ಟುಕೊಂಡು ಅಳತೆ ತೆಗೆದ ದಿನವೇ ನನಗೆ ಗೊತ್ತಾಯಿತು. ಬಾಯಲ್ಲಿ ಪಿನ್ನಿದ್ದವಳು ಎಂಜಲು ನುಂಗುವುದಕ್ಕೂ ಹೆದರುತ್ತಾಳೆ, ಅವನ ಎದುರಿಗೆ ಮಜ್ಜಿಗೆ ಎಲ್ಲಿಂದ ಕುಡಿದಾಳು? ಐವತ್ತೈದು ವರ್ಷ ಇದನ್ನು ಅಮ್ಮನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ, ಸಭೆಯಲ್ಲಿ ನಿಂತು ಪ್ರತಿ ವರ್ಷ ಸುಳ್ಳು ಹೇಳಿದೆ. ಈಗ ಬಾಯ್ತುಂಬ ಹೇಳುತ್ತೇನೆ. ಕೊಂದದ್ದು ಟೀಚರ್ರೇ. ಒಪ್ಪದವರು ಉತ್ತರ ಬರೆಯಿರಿ.